ಲಾನ್ ತೇಪೆ ತೇಪೆಯಾಗಿ ಒಣಗುತ್ತಿದೆ: ಪೂರ್ತಿ ಕಿತ್ತು ಹೊಸದು ಹಾಕಿಸಬೇಕಾ?

ಕೆಂಗೇರಿ ಅಂಗಳ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೆಂಗೇರಿ ಹತ್ತಿರ ಮನೆ. ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಲಾನ್ ಇದೆ. ಗೃಹಪ್ರವೇಶದ ಹೊತ್ತಿಗೆ ಮೆಕ್ಸಿಕನ್ ಗ್ರಾಸ್ ಶೀಟ್ (ಮಣ್ಣಿನ ಸಮೇತ ಚಾಪೆಯ ಹಾಗೆ ಬರುವ ಹುಲ್ಲು) ಹಾಸಿಸಿದ್ದು. ಮೊದಮೊದಲು ತುಂಬಾ ಚೆನ್ನಾಗಿತ್ತು. ಅತ್ತೆಯವರು ಬೆಳಗ್ಗೆ ಬರಿಗಾಲಲ್ಲಿ ನಡೆಯುವುದು ಅಲ್ಲೇ, ಮಕ್ಕಳು ಸಂಜೆ ಆಡುವುದೂ ಅಲ್ಲೇ. ಹಾಗಾಗಿ ಈ ಜಾಗ ಉಳಿಸಿಕೊಳ್ಳಲೇಬೇಕು ಅಂತ ಆಸೆ.

ಕಳೆದ ಚಳಿಗಾಲದಿಂದ ದಕ್ಷಿಣದ ಕಾಂಪೌಂಡ್ ಪಕ್ಕದ ಹುಲ್ಲು ತೆಳ್ಳಗಾಗಿ ಅಲ್ಲಲ್ಲಿ ಪಾಚಿ ಬಂದಿದೆ. ಆ ಕಡೆಯ ಸೈಟಿನಲ್ಲಿ ಕಳೆದ ವರ್ಷ ಮನೆ ಕಟ್ಟಿದರು. ಈಗ ದೀಪಾವಳಿ ಹತ್ತಿರ ಬರುವಾಗ ಗೇಟ್ ಪಕ್ಕವೂ ದೊಡ್ಡ ತೇಪೆ ಒಣಗಿದೆ. ನಡುವೆ ಜೇಕು ಕಳೆ ಎದ್ದಿದೆ. ದಿನಾ ಸಂಜೆ ಪೈಪಿನಲ್ಲಿ ನೀರು ಹಾಕುತ್ತೇವೆ, ಬೋರ್‌ವೆಲ್ ನೀರು. ತಿಂಗಳಿಗೊಮ್ಮೆ ಒಬ್ಬರು ಬಂದು ನೆಲಮಟ್ಟಕ್ಕೆ ಕತ್ತರಿಸಿ ಹೋಗುತ್ತಾರೆ.

ನರ್ಸರಿಯವರು ಎಲ್ಲ ಕಿತ್ತು ಹೊಸ ಶೀಟ್ ಹಾಕೋಣ, ಒಂದು ಚೀಲ ಯೂರಿಯಾ ತರಿಸಿಡಿ ಅನ್ನುತ್ತಾರೆ. ಹಾಗೇ ಮಾಡಬೇಕಾ?

ಹಳೇ ಮಾಲಿ:
ಮೇಡಂ, ಸದ್ಯಕ್ಕೆ ಏನೂ ಕೊಳ್ಳಬೇಡಿ. ತೋಟಗಾರಿಕೆಯ ಕೆಲಸದಲ್ಲೇ ಬದುಕು ಕಳೆದವನು ನಾನು. ಕಾರಣ ಗೊತ್ತಾಗದೆ ಹೊಸ ಶೀಟ್ ಹಾಸಿದರೆ ಅದೇ ರೋಗ ಹೊಸ ಹುಲ್ಲಿಗೂ ಬರುತ್ತದೆ. ದುಡ್ಡು ದಂಡ.

ನೀವು ಹೇಳಿದ್ದರಲ್ಲಿ ನನಗೆ ಎರಡು ಬೇರೆ ಬೇರೆ ಕಾಯಿಲೆ ಕಾಣುತ್ತಿದೆ. ಕಾಂಪೌಂಡ್ ಪಕ್ಕದ್ದು ಒಂದು, ಗೇಟ್ ಪಕ್ಕದ್ದು ಇನ್ನೊಂದು. ಎರಡಕ್ಕೂ ಒಂದೇ ಔಷಧಿ ಇಲ್ಲ.

ಮೊದಲು ಗೇಟ್ ಪಕ್ಕದ ಒಣಗಿದ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬೇರು ಗಟ್ಟಿಯಾಗಿ ಹಿಡಿದುಕೊಂಡಿದೆಯಾ ಅಥವಾ ಚಾಪೆಯ ಹಾಗೆ ಎದ್ದು ಬರುತ್ತದಾ ನೋಡಿ. ಆಮೇಲೆ ತೇಪೆಯ ಅಂಚಿನಲ್ಲಿ, ಅಂದರೆ ಹಸಿರು ಮತ್ತು ಒಣಗಿದ್ದು ಸೇರುವ ಕಡೆ, ಒಂದು ಚದರ ಅಡಿ ಜಾಗವನ್ನು ಮೂರು ಇಂಚು ಆಳಕ್ಕೆ ಅಗೆಯಿರಿ. ಬಿಳಿ ಹುಳು ಇದ್ದರೆ ಎಣಿಸಿ. ಮೈನಾ, ಅಂದರೆ ಗೊರವಂಕಗಳು ಆ ಜಾಗ ಕುಕ್ಕುತ್ತವಾ? ರಾತ್ರಿ ಹೆಗ್ಗಣ ಕೆದಕಿದ ಗುರುತು ಇದೆಯಾ?

ಕಾಂಪೌಂಡ್ ಪಕ್ಕ ಉದ್ದನೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಎಷ್ಟು ಆಳಕ್ಕೆ ಹೋಗುತ್ತದೆ ಅಂತ ಹೇಳಿ.

ಕೆಂಗೇರಿ ಅಂಗಳ:
ಸರ್, ನೀವು ಹೇಳಿದ ಹಾಗೆಯೇ ಆಯಿತು. ಗೇಟ್ ಪಕ್ಕ ಎಳೆದರೆ ಪೂರ್ತಿ ಎದ್ದು ಬಂತು, ಕೆಳಗೆ ಬೇರೇ ಇಲ್ಲ. ಒಂದು ಚದರ ಅಡಿಯಲ್ಲಿ 9 ಹುಳು ಸಿಕ್ಕವು. ದಪ್ಪ, ಬಿಳಿ ಮೈ, ಕಂದು ತಲೆ, ಸುರುಳಿ ಸುತ್ತಿಕೊಂಡಿರುತ್ತವೆ. ಹೆಗ್ಗಣ ಕೆದಕಿದ್ದೂ ಇದೆ, ಅದರ ಕಾಟದಿಂದಲೇ ಒಣಗಿದ್ದು ಅಂದುಕೊಂಡಿದ್ದೆವು.

ಕಾಂಪೌಂಡ್ ಪಕ್ಕ ಸ್ಕ್ರೂಡ್ರೈವರ್ ಎರಡು ಇಂಚು ಹೋಗಿ ನಿಂತಿತು. ಮೇಲೆ ಕಪ್ಪು ಜಿಗುಟು ಮಣ್ಣು, ಅದು ಶೀಟ್ ಜೊತೆ ಬಂದಿದ್ದು. ಕೆಳಗೆ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್.

ಹಳೇ ಮಾಲಿ:
ಸರಿ, ಗೇಟ್ ಪಕ್ಕದ್ದು ಗೊಣ್ಣೆ ಹುಳು. ಒಂದು ಚದರ ಅಡಿಗೆ ಐದಾರು ದಾಟಿದರೆ ಹುಲ್ಲು ತಡೆದುಕೊಳ್ಳುವುದಿಲ್ಲ. ಬೇರೇ ಇಲ್ಲದ ಹುಲ್ಲಿಗೆ ದಿನಾ ನೀರು ಹಾಕಿದರೂ ಕುಡಿಯುವುದು ಹೇಗೆ, ಅಲ್ವಾ?

ಕಟ್ಟಡದ ಕಸ ಬೆಂಗಳೂರಿನ ಹೊಸ ಮನೆಗಳಲ್ಲಿ ಸಾಮಾನ್ಯ. ಪ್ಲಾಸ್ಟರಿಂಗ್ ಮಾಡುವಾಗ ಉಳಿದದ್ದನ್ನೆಲ್ಲ ಅಂಗಳದಲ್ಲೇ ಹರಡಿ, ಮೇಲೆ ಒಂದು ಪದರ ಕೆಂಪು ಮಣ್ಣು ಹಾಕಿ, ಅದರ ಮೇಲೆ ಶೀಟ್ ಹಾಸುತ್ತಾರೆ. ಮೊದಲು ಹಸಿರಾಗಿಯೇ ಇರುತ್ತದೆ. ಶೀಟಿನ ಜಿಗುಟು ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಬೇರು ಕೆಳಗೆ ಇಳಿಯುವುದಿಲ್ಲ. ಬೇಸಿಗೆ ಬಂದಾಗ ಎರಡು ಇಂಚಿನ ಬೇರಿಗೆ ಎರಡು ಇಂಚಿನಷ್ಟೇ ಆಸರೆ.

ಮಲೆನಾಡು ತೋಟ:
ಗೊಣ್ಣೆ ಹುಳು ಅಂದಾಗ ನಾನು ಬರೆಯಲೇಬೇಕು. ಅಡಿಕೆ ಬೆಳೆಯುವ ನಾವು ಇದನ್ನು ಬೇರುಹುಳ ಅನ್ನುತ್ತೇವೆ. ಮರವನ್ನೇ ಸೊರಗಿಸುತ್ತದೆ, ಇನ್ನು ಹುಲ್ಲು ಯಾವ ಲೆಕ್ಕ.

ಮೇ-ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಕತ್ತಲಾಗುವ ಹೊತ್ತಿಗೆ ಕಂದು ದುಂಬಿಗಳು ನೆಲದಿಂದ ಏಳುತ್ತವೆ. ದೀಪದ ಸುತ್ತ ಗುಂಯ್ ಅನ್ನುತ್ತವಲ್ಲ, ಅವೇ. ಬೇವಿನಂಥ ಮರಗಳ ಎಲೆ ತಿಂದು, ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ಆ ಮೊಟ್ಟೆಯಿಂದ ಬಂದ ಮರಿ ಮಳೆಗಾಲವಿಡೀ ಬೇರು ತಿನ್ನುತ್ತದೆ. ಆದ್ದರಿಂದ ಹಾನಿ ಕಣ್ಣಿಗೆ ಬೀಳುವುದು ಆಗಸ್ಟ್‌ನಿಂದ ಈಚೆಗೆ. ಅಷ್ಟು ಹೊತ್ತಿಗೆ ಹುಳು ದಪ್ಪ ಆಗಿರುತ್ತದೆ.

ಈಗ ಮಾಡಬಹುದಾದದ್ದು: ಒಣಗಿದ ತೇಪೆ ಹೇಗೂ ಹೋಗಿದೆ, ಅದನ್ನು ಪೂರ್ತಿ ಎಬ್ಬಿಸಿ ಹುಳುಗಳನ್ನು ಕೈಯಲ್ಲೇ ಆರಿಸಿ ಸೋಪಿನ ನೀರಿನ ಬಕೆಟ್‌ಗೆ ಹಾಕಿ. ಮಣ್ಣು ತೆರೆದೇ ಬಿಟ್ಟರೆ ಮೈನಾಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಇನ್ನೂ ಹಸಿರಿರುವ ಭಾಗಕ್ಕೆ ಹುಳುವನ್ನು ಕೊಲ್ಲುವ ನೆಮಟೋಡ್ (ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಹುಳು) ಹಾಕಿ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಇದನ್ನು ಪುಡಿ ರೂಪಕ್ಕೆ ತಂದಿದ್ದಾರೆ. ಇದು ಜೀವ ಇರುವ ವಸ್ತು. ಬಿಸಿಲಿಗೆ ಸಾಯುತ್ತದೆ, ಒಣ ಮಣ್ಣಿನಲ್ಲಿ ಓಡಾಡಲಾರದು. ಹಾಕುವ ಮೊದಲು ನೆಲ ನೆನೆಸಿ, ಸಂಜೆ ಹಾಕಿ, ಮೇಲೆ ಮತ್ತೆ ನೀರು ಕೊಡಿ.

ಮುಂದಿನ ವರ್ಷ ಜುಲೈನಲ್ಲೇ ಈ ಹುಳುಗಳಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರವನ್ನು ಎರೆಗೊಬ್ಬರದಲ್ಲಿ ಕಲಸಿ ಹರಡಿ. ಹುಳು ಚಿಕ್ಕದಿರುವಾಗಲೇ ಹಿಡಿಯಬೇಕು.

ಬನಶಂಕರಿ ಬಾಲ್ಕನಿ:
ಇಷ್ಟೆಲ್ಲ ಯಾಕೆ, ಫೊರೇಟ್ ಹರಳು ಹಾಕಿದರೆ ಒಂದೇ ಸಲಕ್ಕೆ ಹೋಗುತ್ತದೆ. ನಮ್ಮ ತಂದೆಯವರು ಹಾಗೇ ಮಾಡುತ್ತಿದ್ದರು.

ಮಲೆನಾಡು ತೋಟ:
ಅಣ್ಣಾ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಫೊರೇಟ್ ಭಾರೀ ವಿಷ. ನಮ್ಮ ದೇಶದಲ್ಲಿ 2020ರ ಡಿಸೆಂಬರ್ ಕೊನೆಯಿಂದ ಅದರ ತಯಾರಿಕೆ, ಮಾರಾಟ, ಬಳಕೆ ಎಲ್ಲಕ್ಕೂ ನಿಷೇಧವಿದೆ. ಆ ಹುಲ್ಲಿನ ಮೇಲೆ ಅಜ್ಜಿ ಬರಿಗಾಲಲ್ಲಿ ನಡೆಯುತ್ತಾರೆ, ಮಕ್ಕಳು ಹೊರಳಾಡುತ್ತಾರೆ. ಹುಳು ತಿನ್ನಲು ಬರುವ ಹಕ್ಕಿಗಳೂ ಸಾಯುತ್ತವೆ. ಅಂಗಡಿಯ ಮೂಲೆಯಲ್ಲಿ ಹಳೇ ಪೊಟ್ಟಣ ಸಿಕ್ಕಿದರೂ ತರಬೇಡಿ.

ನ್ಯೂಜೆರ್ಸಿ ಕನ್ನಡಿಗ:
ನಾನು ದಾವಣಗೆರೆಯವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ನಾವು ಸೆಪ್ಟೆಂಬರ್‌ನಲ್ಲಿ ಲಾನ್‌ಗೆ ತೂತು ಹೊಡೆಸಿ, ಫೆಸ್ಕ್ಯೂ ಹುಲ್ಲಿನ ಬೀಜ ಎರಚಿ, ಗೊಬ್ಬರ ಕೊಡುತ್ತೇವೆ. ಖಾಲಿ ಜಾಗ ಚಳಿಗೆ ಮೊದಲೇ ತುಂಬಿಕೊಳ್ಳುತ್ತದೆ. ನೀವೂ ಬೀಜ ಎರಚಬಹುದಲ್ಲ? ಈ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೊ ಇವೆ.

ಹಳೇ ಮಾಲಿ:
ನೀವು ಅಲ್ಲಿ ಮಾಡುವುದು ಅಲ್ಲಿಗೆ ಸರಿಯಾಗಿಯೇ ಇದೆ ಸರ್. ಆದರೆ ಅದನ್ನು ಇಲ್ಲಿಗೆ ತರಬಾರದು. ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್, ರೈ ಇವೆಲ್ಲ ತಂಪು ಹವೆಯ ಹುಲ್ಲು. ವಸಂತ ಮತ್ತು ಶರತ್ಕಾಲದಲ್ಲಿ ಜೋರಾಗಿ ಬೆಳೆಯುತ್ತವೆ, ನಮ್ಮ ಏಪ್ರಿಲ್ ಬಿಸಿಲಿಗೆ ಬೆಂದು ಹೋಗುತ್ತವೆ. ಇಲ್ಲಿನ ಗರಿಕೆ, ಮೆಕ್ಸಿಕನ್, ಕೊರಿಯನ್ ಎಲ್ಲ ಬಿಸಿ ಹವೆಯವು. ಅವುಗಳ ಬೆಳವಣಿಗೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ಮಳೆಗಾಲದಲ್ಲಂತೂ ಕಣ್ಣೆದುರೇ ಹಬ್ಬುತ್ತವೆ. ಚಳಿಗಾಲದಲ್ಲಿ ನಿಧಾನ.

ಇಲ್ಲಿಯ ಅನೇಕರು ಆ ವಿಡಿಯೊಗಳನ್ನು ನೋಡಿ ಆನ್‌ಲೈನ್‌ನಲ್ಲಿ ಬೀಜ ತರಿಸುತ್ತಾರೆ. ಮೊಳೆತಾಗ ಖುಷಿ, ಬೇಸಿಗೆಯಲ್ಲಿ ಬೇಸರ. ಮೆಕ್ಸಿಕನ್ ಹುಲ್ಲಿಗೆ ಬೀಜದ ಗೊಡವೆ ಬೇಡ. ಇರುವ ಒಳ್ಳೆ ಭಾಗದಿಂದಲೇ ಸಣ್ಣ ತುಣುಕು ತೆಗೆದು ನಾಲ್ಕೈದು ಇಂಚಿಗೊಂದು ನಾಟಿ ಮಾಡಿದರೆ ಸಾಕು. ನಿಧಾನ, ಆದರೆ ಖರ್ಚಿಲ್ಲ.

ತೂತು ಹೊಡೆಯುವ ವಿಷಯ ಮಾತ್ರ ಇಲ್ಲಿಗೂ ಸಲ್ಲುತ್ತದೆ. ಓಡಾಟದಿಂದ ಮಣ್ಣು ಗಟ್ಟಿಯಾದ ಕಡೆ ತೋಟದ ಫೋರ್ಕ್ ಚುಚ್ಚಿ ಅಲುಗಾಡಿಸಿದರೂ ಗಾಳಿ, ನೀರು ಒಳಗೆ ಇಳಿಯುತ್ತದೆ.

ಫಿಸಿಕ್ಸ್ ಮೇಷ್ಟ್ರು:
ಕಾಂಪೌಂಡ್ ಪಕ್ಕದ ತೇಪೆಗೆ ನೆರಳಿನ ಲೆಕ್ಕ ಹಾಕಬಹುದು ಅಂತ ಬರೆಯುತ್ತಿದ್ದೇನೆ. ಪಕ್ಕದ ಮನೆ ಎಷ್ಟು ಎತ್ತರ, ಅವರ ಗೋಡೆಗೂ ನಿಮ್ಮ ಹುಲ್ಲಿಗೂ ಎಷ್ಟು ದೂರ ಮೇಡಂ?

ಕೆಂಗೇರಿ ಅಂಗಳ:
ಕೆಳಗೆ ಒಂದು, ಮೇಲೆ ಒಂದು ಮನೆ. ಪ್ಯಾರಾಪೆಟ್ ಸೇರಿ ಸುಮಾರು 22 ಅಡಿ. ಗೋಡೆಯಿಂದ ಹುಲ್ಲಿಗೆ 4 ಅಡಿ. ಲಾನ್‌ನ 20 ಅಡಿ ಉದ್ದ ದಕ್ಷಿಣದಿಂದ ಉತ್ತರಕ್ಕೆ.

ಫಿಸಿಕ್ಸ್ ಮೇಷ್ಟ್ರು:
ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ತಿಂಗಳ ಮಧ್ಯದಲ್ಲಿ ಇನ್ನೊಮ್ಮೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡರ ನಡುವಿನ ದಿನಗಳಲ್ಲಿ ಉತ್ತರಕ್ಕೇ ವಾಲಿರುತ್ತಾನೆ, ದಕ್ಷಿಣದ ಮನೆಯ ನೆರಳು ಮಧ್ಯಾಹ್ನ ನಿಮ್ಮ ಕಡೆ ಬೀಳುವುದೇ ಇಲ್ಲ. ನೀವು ಮೇ ತಿಂಗಳಲ್ಲಿ ನೋಡಿದರೆ ಅಲ್ಲಿ ಬೇಕಾದಷ್ಟು ಬಿಸಿಲು ಇದೆ ಅನ್ನಿಸುವುದು ಅದಕ್ಕೇ.

ಡಿಸೆಂಬರ್ 22ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. 22 ಅಡಿ ಕಟ್ಟಡದ ನೆರಳು ಆಗ ಸುಮಾರು 16 ಅಡಿ. ನಡುವಿನ 4 ಅಡಿ ಕಳೆದರೆ ಲಾನ್ ಒಳಗೆ 12 ಅಡಿ. ನವೆಂಬರ್ ಮೊದಲ ದಿನಗಳಲ್ಲಿ ನೆರಳು ಸುಮಾರು 11 ಅಡಿ, ಅಂದರೆ ಲಾನ್ ಒಳಗೆ 7 ಅಡಿ. ಫೆಬ್ರವರಿ ಎರಡನೇ ವಾರದಲ್ಲೂ ಅಷ್ಟೇ. ಹೀಗಾಗಿ ದಕ್ಷಿಣದ 7 ಅಡಿ ಪಟ್ಟಿಗೆ ವರ್ಷದಲ್ಲಿ ಮೂರು ತಿಂಗಳಿಗೂ ಜಾಸ್ತಿ ಮಧ್ಯಾಹ್ನದ ಬಿಸಿಲಿಲ್ಲ. ಉಳಿದ ಭಾಗಕ್ಕೆ ಚಳಿಗಾಲದ ನಡುವೆ ಸ್ವಲ್ಪ ದಿನ ಮಾತ್ರ ತೊಂದರೆ.

ಹಳೇ ಮಾಲಿ:
ಮೇಷ್ಟ್ರೇ, ಇದು ತುಂಬಾ ಉಪಯೋಗದ ಲೆಕ್ಕ. ಲಾನ್ ಹಾಕಿಸುವವರೆಲ್ಲ ಮೊದಲು ಇದನ್ನೇ ಮಾಡಬೇಕು.

ಗರಿಕೆ ಜಾತಿಗೆ ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೇಕೇ ಬೇಕು. ಮೆಕ್ಸಿಕನ್ ಅದಕ್ಕಿಂತ ಸ್ವಲ್ಪ ಕಡಿಮೆಗೂ ಒಗ್ಗುತ್ತದೆ. ನೆರಳಲ್ಲಿ ಇವೆರಡಕ್ಕಿಂತ ಚೆನ್ನಾಗಿ ನಿಲ್ಲುವುದು ಅಗಲ ಎಲೆಯ ಕಾರ್ಪೆಟ್ ಗ್ರಾಸ್, ಕೆಲವು ನರ್ಸರಿಗಳಲ್ಲಿ ಬಫಲೋ ಅಂತಲೂ ಮಾರುತ್ತಾರೆ. ಅದಕ್ಕೆ ನೀರು ಜಾಸ್ತಿ ಬೇಕು. ನನ್ನ ಕೇಳಿದರೆ ಆ 7-8 ಅಡಿಯಲ್ಲಿ ಹುಲ್ಲು ಬೆಳೆಸುವ ಹಟ ಬಿಡಿ. ಒಂದೆಲಗ ಹಬ್ಬಿಸಿ. ತಂಬುಳಿಗೆ ಮನೆಯಲ್ಲೇ ಸಿಗುತ್ತದೆ.

ವರ್ತೂರು ಟ್ಯಾಂಕರ್:
ಕೋಪ ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಬೆಂಗಳೂರಿನಲ್ಲಿ ಲಾನ್ ಬೇಕಾ? 2024ರ ಮಾರ್ಚ್‌ನಲ್ಲಿ ನಮ್ಮ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕುಳಿತಿದ್ದೆವು. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆಗ ಆದೇಶ ಹೊರಡಿಸಿತ್ತು. ಆ ದಿನಗಳನ್ನು ಕಂಡವರಿಗೆ ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುವುದನ್ನು ನೋಡಲು ಹೊಟ್ಟೆ ಉರಿಯುತ್ತದೆ. ಬೋರ್‌ವೆಲ್ ನೀರೂ ಎಲ್ಲರ ನೆಲದಡಿಯದೇ.

ಕೆಂಗೇರಿ ಅಂಗಳ:
ನಿಮ್ಮ ಮಾತು ಸರಿ ಸರ್. ನಮ್ಮ ಬೀದಿಯಲ್ಲೂ ಆ ಬೇಸಿಗೆ ಕಷ್ಟ ಆಗಿತ್ತು. ಎಷ್ಟು ನೀರು ನಿಜವಾಗಿ ಬೇಕು ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ನಿಲ್ಲಿಸುತ್ತೇವೆ.

ಹಳೇ ಮಾಲಿ:
ವರ್ತೂರಿನವರ ಸಿಟ್ಟು ನ್ಯಾಯವಾದದ್ದು. ಹಾಗಾಗಿ ಲೆಕ್ಕ ಸರಿಯಾಗಿ ಮಾಡೋಣ.

ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ನೀರು ನಿಂತರೆ ಅದು 1 ಲೀಟರ್. 20ಕ್ಕೆ 15 ಅಡಿ ಅಂದರೆ ಸುಮಾರು 28 ಚದರ ಮೀಟರ್. ಮಳೆ ಇಲ್ಲದ ವಾರ 20 ಮಿಲಿಮೀಟರ್ ಕೊಟ್ಟರೆ 560 ಲೀಟರ್. ದಕ್ಷಿಣದ 8 ಅಡಿ ಬಿಟ್ಟುಕೊಟ್ಟರೆ ಉಳಿಯುವುದು ಸುಮಾರು 17 ಚದರ ಮೀಟರ್, ವಾರಕ್ಕೆ 340 ಲೀಟರ್ ಸಾಕು. ಮಳೆಗಾಲದಲ್ಲಿ ಬಹುಪಾಲು ಸೊನ್ನೆ.

ದಿನಾ ಸಂಜೆ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಬಿಡಿ. ಅದರಲ್ಲಿ ಎರಡು ನಷ್ಟ. ನೀರು ಮೇಲಿನ ಒಂದಿಂಚಿನಲ್ಲೇ ನಿಂತು ಆರಿಹೋಗುತ್ತದೆ, ಬೇರೂ ಅಲ್ಲೇ ಉಳಿಯುತ್ತದೆ. ಎಲೆ ರಾತ್ರಿಯಿಡೀ ಒದ್ದೆಯಿದ್ದರೆ ಶಿಲೀಂಧ್ರ ರೋಗ ಬರುತ್ತದೆ. ವಾರಕ್ಕೆ ಎರಡು ಸಲ, ಬೆಳಗ್ಗೆ, ಚೆನ್ನಾಗಿ ನೆನೆಯುವ ಹಾಗೆ ಕೊಡಿ. ನೇರ ಬದಿಯ ಡಬ್ಬಿ ಅಲ್ಲಲ್ಲಿ ಇಟ್ಟು ಸ್ಪ್ರಿಂಕ್ಲರ್ ಬಿಡಿ, 10 ಮಿಲಿಮೀಟರ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಒಮ್ಮೆ ನೋಡಿಟ್ಟುಕೊಂಡರೆ ಆಯಿತು. ಹುಲ್ಲಿನ ಮೇಲೆ ನಡೆದ ಹೆಜ್ಜೆ ಗುರುತು ಬೇಗ ಮಾಯವಾದರೆ ನೀರು ಬೇಡ. ಹುಲ್ಲು ಎದ್ದು ನಿಲ್ಲದೆ, ಎಲೆ ಮಡಚಿಕೊಂಡು ಬೂದುಬಣ್ಣಕ್ಕೆ ತಿರುಗಿದರೆ ಆಗ ಕೊಡಿ.

ಕಡು ಬೇಸಿಗೆಯಲ್ಲಿ ನೀರಿಗೆ ಪರದಾಟ ಬಂದರೆ ಹುಲ್ಲು ಹಳದಿಯಾಗಲಿ ಬಿಡಿ. ಗರಿಕೆ, ಮೆಕ್ಸಿಕನ್ ಎರಡೂ ಬೇರಿನಲ್ಲಿ ಜೀವ ಹಿಡಿದುಕೊಂಡು ಮೊದಲ ಮಳೆಗೆ ಚಿಗುರುತ್ತವೆ. ಅದಕ್ಕೆ ಬೇರು ಆಳಕ್ಕೆ ಹೋಗಿರಬೇಕು, ಅಷ್ಟೇ.

ವರ್ತೂರು ಟ್ಯಾಂಕರ್:
ಹೀಗೆ ಅಳತೆ ಇಟ್ಟುಕೊಂಡು ಮಾಡುವವರ ಬಗ್ಗೆ ನನ್ನ ತಕರಾರಿಲ್ಲ. ತರಕಾರಿ, ಅಕ್ಕಿ ತೊಳೆದ ನೀರನ್ನೂ ಹಾಕಬಹುದು. ಆರ್‌ಒ ಮೆಷಿನ್ ಹೊರಬಿಡುವ ನೀರನ್ನು ದಿನಾ ಅಲ್ಲೇ ಸುರಿಯಬೇಡಿ, ಅದರಲ್ಲಿ ಉಪ್ಪಿನಂಶ ಜಾಸ್ತಿ. ಅದು ನೆಲ ಒರೆಸಲು ಆಗುತ್ತದೆ. ವಾಷಿಂಗ್ ಮೆಷಿನ್ ನೀರಿನ ಸೋಡಿಯಂ ಜಿಗುಟು ಮಣ್ಣನ್ನು ಇನ್ನೂ ಗಟ್ಟಿ ಮಾಡುತ್ತದೆ. ಚಾವಣಿಯ ಮಳೆನೀರನ್ನು ನೆಲದಡಿಯ ಸಂಪ್‌ಗೆ ಇಳಿಸುವ ವ್ಯವಸ್ಥೆ ಇಲ್ಲದಿದ್ದರೆ ಲಾನ್ ರಿಪೇರಿಗಿಂತ ಮೊದಲು ಅದನ್ನು ಮಾಡಿಸಿ.

ಧಾರವಾಡದ ಎರೆಮಣ್ಣು:
ನಮ್ಮ ಕಡೆ ಎರೆ ಮಣ್ಣರೀ, ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಶೀಟ್ ಹಾಸಿದರೆ ಬಿರುಕಿನ ಗುಂಟ ಹರಿದು ಹೋಗುತ್ತದೆ. ನಾನು ಹೊಲದ ಬದುವಿನ ಗರಿಕೆಯನ್ನೇ ತಂದು ಹಚ್ಚಿದ್ದೇನೆ. ನೋಡಲು ಮೆಕ್ಸಿಕನ್ ಹಾಗೆ ದಟ್ಟ ಇಲ್ಲ, ಆದರೆ ಬಿಸಿಲಿಗೆ ಹೆದರುವುದಿಲ್ಲ. ಗಣೇಶ ಚೌತಿಗೆ ಓಣಿಯವರೆಲ್ಲ ನಮ್ಮಲ್ಲಿಗೇ ಬಂದು ಗರಿಕೆ ಒಯ್ಯುತ್ತಾರೆ. ಪೂರ್ತಿ ಬಿಸಿಲು ಇದ್ದವರು ಇದನ್ನು ಯೋಚಿಸಿ ನೋಡಿ.

ಕೆಂಗೇರಿ ಅಂಗಳ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನು ಉಳಿದಿದ್ದು ಜೇಕು. ಕಿತ್ತಷ್ಟೂ ಬರುತ್ತಿದೆ.

ಉಡುಪಿ ಹಿತ್ತಲು:
ಅಕ್ಕಾ, ಜೇಕನ್ನು ಮೇಲಿಂದ ಕಿತ್ತರೆ ಕೆಳಗಿನ ಗಡ್ಡೆ ಒಳಗೇ ಉಳಿಯುತ್ತದೆ. ಒಂದು ಗಡ್ಡೆಗೆ ಇನ್ನೊಂದು ಸರಪಳಿಯಾಗಿ ಕೂಡಿಕೊಂಡಿರುತ್ತದೆ, ತುದಿ ಮುರಿದರೆ ಉಳಿದವು ಚಿಗುರುತ್ತವೆ. ಮಣ್ಣು ಚೆನ್ನಾಗಿ ನೆನೆದಾಗ ಉದ್ದನೆ ಚೂಪು ಕಬ್ಬಿಣದಿಂದ ಸಡಿಲಿಸಿ ಗಡ್ಡೆ ಸಮೇತ ತೆಗೆಯಬೇಕು. ಐದಾರು ಎಲೆ ಬರುವ ಮೊದಲೇ ತೆಗೆಯುತ್ತಾ ಹೋದರೆ ಗಡ್ಡೆಯ ಶಕ್ತಿ ಕುಗ್ಗುತ್ತದೆ. ತಾಳ್ಮೆ ಬೇಕು.

ಹೊಸ ಜೇಕು ಬರುವುದು ಮುಖ್ಯವಾಗಿ ಹೊರಗಿಂದ ತರಿಸುವ ಲೋಡ್ ಮಣ್ಣಿನಲ್ಲಿ. ಸರಿಯಾಗಿ ಕೊಳೆಯದ ಸಗಣಿ ಗೊಬ್ಬರದಲ್ಲಿ ಬೇರೆ ಕಳೆಗಳ ಬೀಜ ಬರುತ್ತದೆ. ಮಣ್ಣು ತರಿಸಿದರೆ ಹರಡಿ, ನೀರು ಹಾಕಿ, ಎರಡು ಮೂರು ವಾರ ಬಿಡಿ. ಮೊಳೆತದ್ದನ್ನೆಲ್ಲ ತೆಗೆದ ಮೇಲೆ ಹುಲ್ಲು ನಾಟಿ ಮಾಡಿ.

ಗ್ಲೈಫೋಸೇಟ್ ಕಳೆನಾಶಕ ಹೊಡೆಯಿರಿ ಅಂತ ಯಾರಾದರೂ ಹೇಳಬಹುದು. ಅದು ಹುಲ್ಲನ್ನೂ ಕೊಲ್ಲುತ್ತದೆ. 2022ರ ಅಕ್ಟೋಬರ್‌ನಿಂದ ಅದನ್ನು ಪರವಾನಗಿ ಇರುವ ಕೀಟನಿಯಂತ್ರಣದವರು ಮಾತ್ರ ಬಳಸಬೇಕು ಅಂತ ಕೇಂದ್ರ ಆದೇಶವನ್ನೂ ಹೊರಡಿಸಿತ್ತು.

ಹಳೇ ಮಾಲಿ:
ಉಡುಪಿಯವರು ಹೇಳಿದ್ದು ಸರಿ. ಇನ್ನೊಂದು ಸೇರಿಸುತ್ತೇನೆ: ಹುಲ್ಲು ದಟ್ಟ ಇದ್ದರೆ ಜೇಕಿಗೆ ಬೆಳಕು ಸಿಗುವುದಿಲ್ಲ. ನಿಮ್ಮಲ್ಲಿ ಅದು ಎದ್ದಿರುವುದಕ್ಕೆ ಆ ನೆಲಮಟ್ಟದ ಕತ್ತರಿಯೂ ಕಾರಣ.

ಹುಲ್ಲಿಗೆ ಊಟ ತಯಾರಾಗುವುದು ಎಲೆಯಲ್ಲಿ. ತಿಂಗಳಿಗೊಮ್ಮೆ ಬೋಳಿಸಿದರೆ ಅದು ಬೇರಿನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಮತ್ತೆ ಎಲೆ ಬಿಡಬೇಕು. ಹೀಗೆ ಮಾಡುತ್ತಾ ಹೋದರೆ ಬೇರು ಸಣ್ಣದಾಗುತ್ತದೆ. ಒಂದು ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಮೆಕ್ಸಿಕನ್ ಹುಲ್ಲನ್ನು ಒಂದರಿಂದ ಒಂದೂವರೆ ಇಂಚು ಎತ್ತರದಲ್ಲಿ ಇಟ್ಟುಕೊಳ್ಳಿ. ನಿಮ್ಮಷ್ಟು ಜಾಗಕ್ಕೆ ಕೈಯಲ್ಲಿ ತಳ್ಳುವ ರೀಲ್ ಮೋವರ್ ಸಾಕು, ಕರೆಂಟ್ ಬೇಡ, ಮಕ್ಕಳೂ ಸಂತೋಷವಾಗಿ ಜೊತೆ ಬರುತ್ತಾರೆ. ಬ್ಲೇಡ್ ಮೊಂಡಾದರೆ ಎಲೆ ತುದಿ ಸಿಗಿದು ಬಿಳಿಚಿಕೊಳ್ಳುತ್ತದೆ, ಆಗ ಸಾಣೆ ಹಿಡಿಸಿ. ಕತ್ತರಿಸಿದ ಸಣ್ಣ ಚೂರು ಅಲ್ಲೇ ಬೀಳಲಿ, ಕೊಳೆತು ಗೊಬ್ಬರ ಆಗುತ್ತದೆ.

ಯೂರಿಯಾ ಚೀಲದ ಬಗ್ಗೆ: ಚೀಲ 45 ಕೆಜಿ. ಅದರಲ್ಲಿ 46 ಶೇಕಡ ಸಾರಜನಕ. ಚದರ ಮೀಟರ್‌ಗೆ 10 ಗ್ರಾಂ ಹಾಕಿದರೆ ನಿಮ್ಮ 17 ಚದರ ಮೀಟರ್‌ಗೆ 170 ಗ್ರಾಂ, ಅದೂ ಬೆಳೆಯುವ ಕಾಲದಲ್ಲಿ. ಚೀಲ ತಂದು ಏನು ಮಾಡುತ್ತೀರಿ? ನಿಮ್ಮಲ್ಲಿ ಬೇರೇ ಸರಿಯಿಲ್ಲ, ಈಗ ಯೂರಿಯಾ ಬೇಡವೇ ಬೇಡ. ಜರಡಿ ಹಿಡಿದ ಎರೆಗೊಬ್ಬರ ಕೊಡಿ.

ನ್ಯೂಜೆರ್ಸಿ ಕನ್ನಡಿಗ:
ಮಾಲಿ ಸರ್, ಅಮ್ಮ ದಾವಣಗೆರೆಯಲ್ಲಿ ಹೊಸದಾಗಿ ಅಂಗಳಕ್ಕೆ ಹುಲ್ಲು ಹಾಕಿಸಬೇಕು ಅನ್ನುತ್ತಿದ್ದಾರೆ. ನಾನು ಇಲ್ಲಿಂದ ಬೀಜ ಕಳಿಸುವ ಯೋಚನೆಯಲ್ಲಿದ್ದೆ. ಅದನ್ನು ಬಿಟ್ಟು ಧಾರವಾಡದವರ ಗರಿಕೆ ವಿಷಯ ಅಮ್ಮನಿಗೆ ಹೇಳುತ್ತೇನೆ.

ಕೆಂಗೇರಿ ಅಂಗಳ:
ನಮ್ಮ ತೀರ್ಮಾನ ಹೀಗಿದೆ. ದಕ್ಷಿಣದ 8 ಅಡಿ ಒಂದೆಲಗಕ್ಕೆ, ಕಾಂಪೌಂಡ್ ಬುಡದಲ್ಲಿ ಜರೀಗಿಡ. ಗೇಟ್ ಪಕ್ಕದ ತೇಪೆ ಎಬ್ಬಿಸಿ ಹುಳು ಆರಿಸುತ್ತಿದ್ದೇವೆ, ಮಕ್ಕಳಿಗೆ ಅದೇ ಆಟ. ನೆಮಟೋಡ್‌ಗೆ ವಿಚಾರಿಸಿದ್ದೇನೆ. ಹೊಸ ಶೀಟ್ ಬೇಡ ಅಂತ ನರ್ಸರಿಗೆ ಹೇಳಿಯಾಯಿತು. ಒಂದೇ ಪ್ರಶ್ನೆ: ಕೆಳಗಿನ ಜಲ್ಲಿ, ಸಿಮೆಂಟ್ ತೆಗೆದು ಮಣ್ಣು ತುಂಬುವುದು ಈಗಲೇ ಮಾಡಬೇಕಾ?

ಹಳೇ ಮಾಲಿ:
ಈಗ ಅಗೆದು ಕಸ ತೆಗೆಯುವ ಕೆಲಸ ಮುಗಿಸಿ, ಕನಿಷ್ಠ 8 ಇಂಚು ಆಳಕ್ಕೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಕಲಸಿ ತುಂಬಿ. ಎಂ-ಸ್ಯಾಂಡ್ ತರುವುದಾದರೆ ತೊಳೆದದ್ದು ಇರಲಿ. ಧೂಳು ಇರುವ ಎಂ-ಸ್ಯಾಂಡ್ ಹಾಕಿದರೆ ನೀರು ಬಿದ್ದಾಗ ಗಟ್ಟಿ ಪದರ ಆಗಿಬಿಡುತ್ತದೆ. ತುಂಬಿದ ಮೇಲೆ ನೀರು ಕೊಟ್ಟು ಕೂರಲು ಬಿಡಿ, ಚಳಿಗಾಲದಲ್ಲಿ ಮೊಳೆಯುವ ಜೇಕನ್ನೆಲ್ಲ ತೆಗೆಯುತ್ತಾ ಬನ್ನಿ. ಗೇಟ್ ಪಕ್ಕದ ತೇಪೆಗೆ ಹುಲ್ಲಿನ ತುಣುಕು ನಾಟಿ ಈಗ ಬೇಡ, ಚಳಿಗೆ ಹಬ್ಬುವುದಿಲ್ಲ. ಬೇಸಿಗೆಯಲ್ಲಿ ಮಾಡಿದರೆ ದಿನಾ ನೀರು ಬೇಕಾಗುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿದಾಗ ನಾಟಿ ಮಾಡಿ. ಅಲ್ಲಿಯವರೆಗೆ ಆ ಜಾಗದಲ್ಲಿ ಮೆಂತ್ಯ, ಕೊತ್ತಂಬರಿ ಚೆಲ್ಲಿಕೊಳ್ಳಿ.